ನಮ್ಮ ಡಾಂಕಾಸ್ಟರ್ ಕಡೆಯ ಜಾನೆಟ್ ಬೇಕರ್

ನಾನಿರುವ ಊರು ಡಾಂಕಾಸ್ಟರ್, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ. ಕಲ್ಲಿದ್ದಲು ಗಣಿ, ರೈಲು ಎಂಜಿನ್ ಕಾರ್ಖಾನೆ, ಕುದುರೆ ರೇಸು, ಇಷ್ಟಕ್ಕೇ ಈ ಊರು ಹೊರಗಿನವರಿಗೆ ಗೊತ್ತು. ಪಕ್ಕದಲ್ಲಿ ಹ್ಯಾಟ್‌ಫೀಲ್ಡ್ ಅಂತ ಒಂದು ಹಳ್ಳಿ ಇದೆ. 1933ರ ಆಗಸ್ಟ್ 21ರಂದು ಜಾನೆಟ್ ಬೇಕರ್ ಹುಟ್ಟಿದ್ದು ಅಲ್ಲಿ. ಅಪ್ಪ ಎಂಜಿನಿಯರ್, ಜೊತೆಗೆ ಕ್ವಾಯರಿನಲ್ಲಿ, ಅಂದರೆ ಹಲವರು ಕೂಡಿ ಹಾಡುವ ವೃಂದದಲ್ಲಿ, ಹಾಡುತ್ತಿದ್ದವರು. ಮನೆತನದ ಕೆಲವರು ಇಲ್ಲೇ ಬೆಂಟ್ಲಿ ಗಣಿಯಲ್ಲಿ ದುಡಿದವರು. ಪಾಶ್ಚಾತ್ಯ ಸಂಗೀತದಲ್ಲಿ ಇಪ್ಪತ್ತನೆಯ ಶತಮಾನದ ದೊಡ್ಡ ಮೆಝೊ ಸೊಪ್ರಾನೊ (ಹೆಂಗಸರ ನಡುದನಿ) ಗಾಯಕಿಯರ ಹೆಸರು ಹೇಳಿ ಅಂದರೆ ಇವರ ಹೆಸರು ಬಂದೇ ಬರುತ್ತದೆ. ಆದರೆ ಇಲ್ಲಿ ಬಸ್ ಸ್ಟಾಪಿನಲ್ಲಿ ನಿಂತವರನ್ನು ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿರುತ್ತದೋ ಇಲ್ಲವೋ. ಕನ್ನಡದಲ್ಲಂತೂ ಇವರ ಬಗ್ಗೆ ನಾನು ಏನೂ ಓದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ ಇವರು ಸಿಕ್ಕಿದ್ದು ಕ್ವಾಯರಿನಿಂದ. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ನನ್ನ ಕೆಲಸ. ಸಂಜೆ ಕೆಲಸ ಮುಗಿಸಿ ವಾರಕ್ಕೊಮ್ಮೆ ಚರ್ಚಿನ ಹಾಲ್‌ಗೆ ಹೋಗಿ ಆಲ್ಟೊ ಸಾಲಿನಲ್ಲಿ, ಅಂದರೆ ಹೆಂಗಸರ ಕೆಳದನಿಯ ಸಾಲಿನಲ್ಲಿ, ಹಾಡುತ್ತೇನೆ. ಯಾರ್ಕ್‌ಷೈರಿನಲ್ಲಿ ಇದೊಂದು ಹಳೇ ಅಭ್ಯಾಸ. ಗಣಿ ಕೆಲಸದವರು, ಮಿಲ್ಲಿನವರು, ಟೀಚರುಗಳು ಎಲ್ಲ ಸೇರಿ ಹ್ಯಾಂಡೆಲ್, ಹೈಡನ್, ಎಲ್ಗಾರ್ ಮುಂತಾದ ಸಂಗೀತ ರಚನೆಕಾರರ ಕೃತಿಗಳನ್ನು ಹಾಡುತ್ತಾ ಬಂದಿದ್ದಾರೆ. ಜಾನೆಟ್ ಬೇಕರ್ ಕೂಡ ಬಂದಿದ್ದು ಈ ದಾರಿಯಿಂದಲೇ. ಅವರು ಸಂಗೀತ ಕಾಲೇಜಿನಿಂದ ಬಂದವರಲ್ಲ. ಶಾಲೆ ಮುಗಿಸಿ ಬ್ಯಾಂಕಿಗೆ ಸೇರಿದರು. ಲೀಡ್ಸ್ ಫಿಲ್‌ಹಾರ್ಮಾನಿಕ್ ಕ್ವಾಯರಿನಲ್ಲಿ ಹಾಡಿದರು. 1953ರಲ್ಲಿ ಬ್ಯಾಂಕಿನಿಂದಲೇ ಲಂಡನ್‌ಗೆ ವರ್ಗ ಮಾಡಿಸಿಕೊಂಡು ಹೋದರು. ಹಗಲು ಬ್ಯಾಂಕು, ಸಂಜೆ ಸಂಗೀತ. ಬ್ಯಾಂಕಿನಲ್ಲಿದ್ದುಕೊಂಡೇ ಹಾಡಿದವರು, ನಾಟಕ ಮಾಡಿದವರು, ಕಥೆ ಬರೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ? ಆ ಕಾರಣಕ್ಕೇ ಈ ಭಾಗ ನನಗೆ ತೀರಾ ಹತ್ತಿರ ಅನಿಸುತ್ತದೆ.

ಲಂಡನ್ನಿನಲ್ಲಿ ಅವರಿಗೆ ಇಬ್ಬರು ಗುರುಗಳು, ಮೆರಿಯಲ್ ಸೇಂಟ್ ಕ್ಲೇರ್ ಮತ್ತು ಹೆಲೀನ್ ಇಸೆಪ್. ಇಸೆಪ್ ಆಸ್ಟ್ರಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರು. ಜರ್ಮನ್ ಹಾಡುಗಳ ಸಂಪ್ರದಾಯ ಅವರಿಗೆ ಮನೆಮಾತು. ಅವರ ಮಗ ಮಾರ್ಟಿನ್ ಇಸೆಪ್ ಮುಂದೆ ಎಷ್ಟೋ ವರ್ಷ ಬೇಕರ್‌ಗೆ ಪಿಯಾನೊ ನುಡಿಸಿದರು.

1956 ಅವರ ಪಾಲಿಗೆ ಒಳ್ಳೆಯದು ಕೆಟ್ಟದ್ದು ಎಲ್ಲ ಒಟ್ಟಿಗೆ ಬಂದ ವರ್ಷ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಒಪೆರಾ ಕ್ಲಬ್ಬಿನಲ್ಲಿ ಸ್ಮೆತಾನಾ ಎಂಬ ರಚನೆಕಾರನ ಒಂದು ಒಪೆರಾದಲ್ಲಿ (ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ) ಮೊದಲ ಪಾತ್ರ. ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವದ ಕೋರಸ್ಸಿನಲ್ಲಿ ಜಾಗ. ಅದೇ ವರ್ಷ ಬಸ್ಸೊಂದು ಗುದ್ದಿ ತಲೆಗೆ ಪೆಟ್ಟಾಯಿತು, ಬೆನ್ನಿಗೂ ಏಟಾಯಿತು. ಆ ಬೆನ್ನುನೋವು ಆಮೇಲೆ ಅವರನ್ನು ಪೂರ್ತಿ ಬಿಡಲೇ ಇಲ್ಲ. ಅದೇ ವರ್ಷ ಕ್ಯಾಥ್ಲೀನ್ ಫೆರಿಯರ್ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನವೂ ಬಂತು. ಮರುವರ್ಷ ಕೀತ್ ಶೆಲ್ಲಿಯವರನ್ನು ಮದುವೆಯಾದರು. ಅವರು ಮುಂದೆ ಹೆಂಡತಿಯ ಮ್ಯಾನೇಜರ್ ಆಗಿ, ಪ್ರತಿ ಊರಿಗೂ ಜೊತೆಗೇ ಓಡಾಡಿದರು.

ಕ್ಯಾಥ್ಲೀನ್ ಫೆರಿಯರ್ ಬಗ್ಗೆ ಇಲ್ಲೇ ಎರಡು ಮಾತು ಹೇಳಬೇಕು. ಆಕೆಯೂ ಉತ್ತರ ಇಂಗ್ಲೆಂಡಿನ ಗಾಯಕಿ, ಲ್ಯಾಂಕಾಷೈರಿನವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವರು, ಸಂಗೀತ ಕಾಲೇಜು ಕಾಣದವರು. ದೇಶಕ್ಕೆ ದೇಶವೇ ಅವರನ್ನು ಮನೆಮಗಳು ಅಂತ ನೋಡುತ್ತಿತ್ತು. 1953ರ ಫೆಬ್ರವರಿಯಲ್ಲಿ ಲಂಡನ್ನಿನ ಒಪೆರಾ ಮನೆ ಕವೆಂಟ್ ಗಾರ್ಡನ್‌ನಲ್ಲಿ ಗ್ಲುಕ್‌ನ ಆರ್ಫಿಯೊ ಪಾತ್ರ ಹಾಡುವಾಗ, ಕ್ಯಾನ್ಸರ್ ತಿಂದಿದ್ದ ತೊಡೆಯ ಮೂಳೆ ವೇದಿಕೆಯ ಮೇಲೇ ಮುರಿಯಿತು. ನಿಂತಲ್ಲೇ ನಿಂತು ಆಟ ಮುಗಿಸಿದರು. ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು, ವಯಸ್ಸು 41. ಆ ಪ್ರದರ್ಶನದ ಕಂಡಕ್ಟರ್, ಅಂದರೆ ವಾದ್ಯವೃಂದವನ್ನು ನಡೆಸಿದವರು, ಜಾನ್ ಬಾರ್ಬಿರೋಲಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಫೆರಿಯರ್ ಹೋದ ವರ್ಷವೇ ಬೇಕರ್ ಲಂಡನ್‌ಗೆ ಬಂದಿದ್ದು. ಹಾಗಾಗಿ ಶುರುವಿನಿಂದಲೂ ಜನ ಇವರನ್ನು ಅವರ ಪಕ್ಕದಲ್ಲಿಟ್ಟು ನೋಡಿದರು. ಫೆರಿಯರ್ ದನಿ ಆಳ, ತುಂಬು, ನಿಂತ ನೀರಿನ ಹಾಗೆ ಶಾಂತ. ಬೇಕರ್ ದನಿಯಲ್ಲಿ ಒಂದು ಉರಿ ಇದೆ. ಇಬ್ಬರನ್ನೂ ಒಂದಾದ ಮೇಲೊಂದು ಕೇಳಿದರೆ ಹೋಲಿಕೆಯ ಮಾತು ಅಲ್ಲಿಗೇ ಮುಗಿಯುತ್ತದೆ.

ಮೆಝೊ ಸೊಪ್ರಾನೊ ಅಂದರೆ ಏನು ಅಂತ ಈಗ ಹೇಳಬೇಕು. ಹೆಂಗಸರ ದನಿಯನ್ನು ಇಲ್ಲಿ ಮುಖ್ಯವಾಗಿ ಮೂರು ಬಗೆ ಮಾಡುತ್ತಾರೆ. ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವುದು ಸೊಪ್ರಾನೊ. ತೀರಾ ಕೆಳಗಿನದು ಕಾಂಟ್ರಾಲ್ಟೊ, ಅದು ಅಪರೂಪ. ನಡುವಿನದು ಮೆಝೊ. ಎಷ್ಟು ಎತ್ತರಕ್ಕೆ ಹೋಗಬಲ್ಲಳು ಅನ್ನೋದೊಂದರಿಂದಲೇ ಇದು ತೀರ್ಮಾನ ಆಗೋದಿಲ್ಲ. ಒಳ್ಳೆಯ ಮೆಝೊ ಎಷ್ಟೋ ಸಲ ಸೊಪ್ರಾನೊ ಮುಟ್ಟುವ ಸ್ವರವನ್ನೇ ಮುಟ್ಟುತ್ತಾಳೆ. ಆದರೆ ಅಲ್ಲೇ ತುಂಬಾ ಹೊತ್ತು ಇರಬೇಕು ಅಂದರೆ ಗಂಟಲು ಸೋಲುತ್ತದೆ. ದನಿ ಎಲ್ಲಿ ದಣಿಯದೆ ನಿಲ್ಲುತ್ತದೆ, ಅದರ ಬಣ್ಣ ಎಲ್ಲಿ ದಟ್ಟವಾಗಿದೆ ಅನ್ನೋದನ್ನು ನೋಡುತ್ತಾರೆ. ಸಾಗರದಲ್ಲಿ ಚಿಕ್ಕವಳಿದ್ದಾಗ ನಾನು ಹೋಗುತ್ತಿದ್ದ ಸಂಗೀತ ಪಾಠದಲ್ಲಿ ಎಲ್ಲ ಹುಡುಗಿಯರಿಗೂ ಒಂದೇ ಶ್ರುತಿ. ನನಗೆ ಮೇಲಿನ ಷಡ್ಜ ಕೂಡ ಎಟುಕುತ್ತಿರಲಿಲ್ಲ. ‘ನಿಂದು ಗಂಡು ದನಿ ಕಣೆ’ ಅಂತ ಹೇಳಿ ಹಿಂದಿನ ಸಾಲಿಗೆ ಕಳಿಸಿದರು. ದನಿಗೆ ತಕ್ಕ ಶ್ರುತಿ ಅಂತ ಒಂದಿರುತ್ತದೆ ಅಂತ ಆಗ ಯಾರೂ ಹೇಳಲಿಲ್ಲ. ಗಂಗೂಬಾಯಿ ಹಾನಗಲ್ ಅವರ ದನಿ ಟಾನ್ಸಿಲ್ ಆಪರೇಷನ್ ಆದಮೇಲೆ ಕೆಳಗಿಳಿದು ಗಡಸಾಯಿತು, ಆ ದನಿಯಲ್ಲೇ ಅವರು ಕಿರಾಣಾ ಘರಾಣೆಯನ್ನು ಹಾಡಿ ತೋರಿಸಿದರು ಅನ್ನೋದು ನನಗೆ ತಿಳಿದದ್ದು ಎಷ್ಟೋ ತಡವಾಗಿ. ಹೆಣ್ಣಿನ ಕೆಳದನಿಗೆ ಅದರದೇ ಆದ ಜಾಗ ಇದೆ. ಪಾಶ್ಚಾತ್ಯ ಸಂಗೀತ ಆ ಜಾಗಕ್ಕೊಂದು ಹೆಸರು ಕೊಟ್ಟಿದೆ, ಆ ಜಾಗಕ್ಕೆ ಅಂತಲೇ ಹಾಡುಗಳನ್ನೂ ಬರೆದಿದೆ.

ಒಪೆರಾದಲ್ಲಿ ಮಾತ್ರ ಮೆಝೊಗೆ ಸಿಗುವ ಪಾತ್ರಗಳು ಸ್ವಲ್ಪ ಬೇರೆ. ನಾಯಕಿ ಸಾಮಾನ್ಯವಾಗಿ ಸೊಪ್ರಾನೊ. ಮೆಝೊ ಅಂದರೆ ತಾಯಿ, ದಾದಿ, ಮಾಟಗಾತಿ, ನಾಯಕಿಯ ಎದುರಾಳಿ. ಇಲ್ಲಾ ಗಂಡು ಹುಡುಗ. ಈ ಗಂಡು ಪಾತ್ರಗಳಿಗೆ ಒಂದು ಇತಿಹಾಸವೇ ಇದೆ. ಹ್ಯಾಂಡೆಲ್ ಕಾಲದಲ್ಲಿ ವೀರ ನಾಯಕರ ಪಾತ್ರಗಳನ್ನು ಹಾಡುತ್ತಿದ್ದವರು ಕಾಸ್ಟ್ರಾಟೊಗಳು, ಅಂದರೆ ದನಿ ಒಡೆಯದಿರಲಿ ಅಂತ ಬಾಲ್ಯದಲ್ಲೇ ಬೀಜ ತೆಗೆಸಿದ ಗಂಡಸರು. 1724ರ ಜೂಲಿಯಸ್ ಸೀಸರ್ ಪಾತ್ರವನ್ನು ಹ್ಯಾಂಡೆಲ್ ಬರೆದದ್ದು ಸೆನೆಸಿನೊ ಎಂಬ ಕಾಸ್ಟ್ರಾಟೊಗೆ. ಆ ಕ್ರೂರ ಪದ್ಧತಿ ನಿಂತುಹೋಯಿತು, ಪಾತ್ರಗಳು ಉಳಿದವು. ಅವನ್ನು ಈಗ ಹೆಚ್ಚಾಗಿ ಹಾಡುವವರು ಮೆಝೊಗಳು, ಇಲ್ಲವೇ ಕೌಂಟರ್‌ಟೆನರ್‌ಗಳು, ಅಂದರೆ ಹೆಣ್ಣಿನ ಸ್ಥಾಯಿಯಲ್ಲಿ ಹಾಡುವ ಗಂಡಸರು. ಬೇಕರ್ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ ಸೀಸರ್ ಆಗಿ ನಿಂತರು. ಅದರ ವಿಡಿಯೊ ಇದೆ. ಮೀಸೆ ಇಲ್ಲ, ಗಂಡಸಿನ ದನಿಯ ಅನುಕರಣೆ ಇಲ್ಲ. ನಿಲ್ಲುವ ಭಂಗಿ, ತಲೆ ತಿರುಗಿಸುವ ನಿಧಾನ, ಇಷ್ಟರಲ್ಲೇ ಸೀಸರ್ ಬರುತ್ತಾನೆ.

ಅವರ ಹೆಸರಿಗೆ ಅಂಟಿಕೊಂಡ ಪಾತ್ರ ಅಂದರೆ ಡಿಡೊ. ಕಾರ್ತೇಜಿನ ರಾಣಿ. ಪ್ರೀತಿಸಿದ ಈನಿಯಸ್ ಬಿಟ್ಟು ಹಡಗು ಹತ್ತುತ್ತಾನೆ, ಆಕೆ ಸಾಯುತ್ತಾಳೆ. ಹೆನ್ರಿ ಪರ್ಸೆಲ್ 1680ರ ದಶಕದಲ್ಲಿ ಬರೆದ ಪುಟ್ಟ ಒಪೆರಾ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಲಂಡನ್ನಿನ ಚೆಲ್ಸಿಯಲ್ಲಿದ್ದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅದನ್ನು ಆಡಿದ ದಾಖಲೆ ಇದೆ. 1961ರಲ್ಲಿ ಆಂಥೊನಿ ಲೂಯಿಸ್ ಕಂಡಕ್ಟರ್ ಆಗಿದ್ದ ರೆಕಾರ್ಡಿಂಗಿಗೆ ಬೇಕರ್ ಡಿಡೊ ಹಾಡಿದಾಗ ವಯಸ್ಸು 28. ಆ ಕೊನೆಯ ಹಾಡನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಅವರ ಇಡೀ ಕಲೆ ಕಾಣುತ್ತದೆ.

ಹಾಡಿನ ಕೆಳಗೆ ಮಂದ್ರದ ತಂತಿವಾದ್ಯಗಳು ಒಂದು ಸಾಲನ್ನು ನುಡಿಸುತ್ತವೆ. ತಾಳದ ಅಳತೆಯಲ್ಲಿ ಐದು ಬಾರ್ ಉದ್ದದ ಸಾಲು. ಅರ್ಧರ್ಧ ಸ್ವರ ಇಳಿಯುತ್ತಾ ಹೋಗಿ, ಕೆಳಗೆ ನಿಂತು, ಮತ್ತೆ ಮೊದಲಿನಿಂದ. ನಮ್ಮವರಿಗೆ ಆವರ್ತ ಅಂದರೆ ಸಾಕು, ಅರ್ಥವಾಗುತ್ತದೆ. ಅದು ಹನ್ನೊಂದು ಸಲ ಬರುತ್ತದೆ, ಒಂದು ಸಲವೂ ಬದಲಾಗೋದಿಲ್ಲ. ಡಿಡೊಳ ಸಾಲು ಮಾತ್ರ ಈ ಆವರ್ತದ ಜೊತೆ ಸರಿಯಾಗಿ ಶುರುವಾಗಿ ಸರಿಯಾಗಿ ಮುಗಿಯೋದಿಲ್ಲ. ಕೆಳಗಿನದು ಮುಗಿದಾಗ ಇವಳದು ಇನ್ನೂ ನಡೆದಿರುತ್ತದೆ. ಇವಳು ಉಸಿರು ತೆಗೆದುಕೊಳ್ಳುವಾಗ ಕೆಳಗಿನದು ಆಗಲೇ ಇಳಿಯಲು ತೊಡಗಿರುತ್ತದೆ. ಸಾವು ತನ್ನ ಲೆಕ್ಕದಲ್ಲಿ ನಡೆಯುತ್ತಿದೆ, ಅವಳು ತನ್ನ ಲೆಕ್ಕದಲ್ಲಿ.

ಆಮೇಲೆ ‘ನನ್ನನ್ನು ನೆನೆ’ ಅನ್ನುವ ಮಾತು ಬರುತ್ತದೆ. ಪರ್ಸೆಲ್ ಅದನ್ನು ಒಂದೇ ಸ್ವರದ ಮೇಲೆ ಇಟ್ಟಿದ್ದಾನೆ. ಏರಿಳಿತವೇ ಇಲ್ಲ. ತಕ್ಷಣ ಅದೇ ಮಾತು, ಅದೇ ಸ್ವರ, ಇನ್ನೊಂದು ಸಲ. ಹಾಡುವವಳಿಗೆ ಅಡಗಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ರಾಗದ ಚೆಂದದ ಮರೆಯಲ್ಲಿ ನಿಲ್ಲುವ ಹಾಗಿಲ್ಲ. ಬೇಕರ್ ಮೊದಲನೆಯದನ್ನು ಈನಿಯಸ್‌ಗೆ ಹೇಳಿದಂತೆ ಹೇಳುತ್ತಾರೆ. ಎರಡನೆಯದು ಇಲ್ಲಿರುವ ಎಲ್ಲರಿಗೂ. ಮುಂದೆ ಅದೇ ಮಾತು ಮೇಲಿನ ಸ್ವರಕ್ಕೆ ಏರುತ್ತದೆ. ಅಲ್ಲಿ ಅವರ ದನಿ ಕೂಗೋದಿಲ್ಲ, ತೆರೆದುಕೊಳ್ಳುತ್ತದೆ. ನಾನು ಹೇಳಿದ ಉರಿ ಕೇಳಿಸುವುದು ಆ ಸ್ವರದಲ್ಲಿ.

ಅಮ್ಮ ಇಲ್ಲಿಗೆ ಬಂದಿದ್ದಾಗ ಅಡುಗೆಮನೆಯಲ್ಲಿ ಇದನ್ನು ಹಾಕಿದ್ದೆ. ಒಪೆರಾ ಅಂದರೆ ಅಮ್ಮನಿಗೆ ಆಗೋದಿಲ್ಲ. ಸೊಪ್ಪು ಬಿಡಿಸುತ್ತಾ ಕೂತವರು ಕೈ ನಿಲ್ಲಿಸಿ, ‘ಇವಳು ಕಿರುಚೋದಿಲ್ಲ ಕಣೇ. ಯಾರಿಗೋ ಹೇಳ್ತಾ ಇದಾಳೆ’ ಅಂದರು. ‘ಏನು ಹೇಳ್ತಾ ಇದಾಳೆ ಗೊತ್ತಾಯ್ತಾ ಅಮ್ಮ?’ ಅಂದೆ. ‘ಹೋಗ್ತಾ ಇದೀನಿ ಅಂತ’ ಅಂದರು. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ.

ಇನ್ನು ಬಾರ್ಬಿರೋಲಿ. ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾದ ಕಂಡಕ್ಟರ್. ಫೆರಿಯರ್ ಜೊತೆ ಕೊನೆಯತನಕ ಇದ್ದವರು. 1960ರ ದಶಕದಲ್ಲಿ ಬೇಕರ್ ಅವರನ್ನು ಮಾಲರ್, ಎಲ್ಗಾರ್ ಎಂಬ ರಚನೆಕಾರರ ಕಡೆಗೆ ಕರೆದುಕೊಂಡು ಹೋದದ್ದು ಇವರೇ. 1965ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಎಲ್ಗಾರನ ಕಡಲಿನ ಹಾಡುಗಳು ರೆಕಾರ್ಡ್ ಆದವು. ಎಲ್‌ಪಿಯ ಇನ್ನೊಂದು ಮಗ್ಗುಲಿನಲ್ಲಿ 20 ವರ್ಷದ ಜ್ಯಾಕ್ಲಿನ್ ದು ಪ್ರೇ ನುಡಿಸಿದ ಎಲ್ಗಾರನ ಚೆಲೊ ಕಂಚೆರ್ಟೊ, ಅಂದರೆ ಚೆಲೊ ಎಂಬ ತಂತಿವಾದ್ಯಕ್ಕೂ ಆರ್ಕೆಸ್ಟ್ರಾಕ್ಕೂ ಬರೆದ ಕೃತಿ. ಒಂದೇ ತಟ್ಟೆಯ ಎರಡು ಮುಖದಲ್ಲಿ ಇಂಥ ಎರಡು ಸಂಗೀತ! ಅರುವತ್ತು ವರ್ಷವಾದರೂ ಜನ ಅದನ್ನು ಕೊಳ್ಳುತ್ತಲೇ ಇದ್ದಾರೆ. ಐದು ಹಾಡುಗಳಲ್ಲಿ ಹವಳ ಇರುವ ಕಡೆಗೆ ಹೋಗುವ ನಾಲ್ಕನೆಯದು ನನಗೆ ತುಂಬಾ ಇಷ್ಟ. ಸರಳ ಹಾಡು. ಬೇರೆಯವರು ಅದನ್ನು ಸುಮ್ನೆ ಚೆಂದವಾಗಿ ಹಾಡಿ ಮುಗಿಸುತ್ತಾರೆ. ಬೇಕರ್ ಹಾಡಿದರೆ, ಕಡಲು ಕರೆಯುತ್ತಿದೆ, ಇವಳು ಹೋಗಿಯೇ ಹೋಗುತ್ತಾಳೆ ಅನ್ನುವ ಭಯ ಹುಟ್ಟುತ್ತದೆ.

ಬಾರ್ಬಿರೋಲಿ ಜೊತೆಗಿನ ಮಾಲರ್ ಹಾಡುಗಳು ಇನ್ನೂ ಒಂದು ಮೆಟ್ಟಿಲು ಮೇಲೆ. ಫ್ರೀಡ್ರಿಷ್ ರ‍್ಯೂಕರ್ಟ್ ಎಂಬ ಕವಿ ತನ್ನ ಎರಡು ಮಕ್ಕಳನ್ನು ಕಳೆದುಕೊಂಡು ಬರೆದ ಪದ್ಯಗಳಲ್ಲಿ ಐದನ್ನು ಆರಿಸಿ ಮಾಲರ್ ಹಾಡು ಕಟ್ಟಿದ. ಬೇಕರ್ ಅವನ್ನು 1967ರಲ್ಲಿ ಹ್ಯಾಲೆ ಜೊತೆ ಹಾಡಿದರು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವರ ಒಡಹುಟ್ಟಿದ ಪೀಟರ್ ಹೃದಯದ ಕಾಯಿಲೆಯಿಂದ ತೀರಿಹೋಗಿದ್ದ. ಮಗು ಹೋದ ಮನೆ ಹೇಗಿರುತ್ತದೆ ಅಂತ ಅವರು ಕಂಡಿದ್ದರು. ಅಳು ಮಾತ್ರ ಆ ಹಾಡುಗಾರಿಕೆಯಲ್ಲಿ ಎಲ್ಲೂ ಇಲ್ಲ. ಎಷ್ಟು ಬಿಗಿಹಿಡಿದು ಹಾಡಿದ್ದಾರೆ ಅಂದರೆ ಕೇಳುವ ನಮಗೇ ತಡೆಯೋದಿಲ್ಲ.

1969ರಲ್ಲಿ ಅದೇ ಕವಿಯ ಇನ್ನೂ ಐದು ಹಾಡುಗಳು, ಈ ಸಲ ನ್ಯೂ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ. ಕನ್ನಡದವರು ಇಲ್ಲೊಂದು ಗಳಿಗೆ ನಿಲ್ಲಬೇಕು. ಈ ಫಿಲ್‌ಹಾರ್ಮೋನಿಯಾ ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಕಾಲೂರಿಕೊಳ್ಳುತ್ತಿದ್ದಾಗ ಹಣ ಕೊಟ್ಟು ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ಅದರ ಸಂಗೀತ ಕಚೇರಿಗಳನ್ನು ನಡೆಸುತ್ತಿದ್ದ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ ಕಚೇರಿಗೂ ಅವರ ನೆರವಿತ್ತು. 1964ರಲ್ಲಿ ಸ್ಥಾಪಕರು ಆರ್ಕೆಸ್ಟ್ರಾ ಮುಚ್ಚಲು ಹೊರಟಾಗ ವಾದಕರೇ ಸೇರಿ ‘ನ್ಯೂ’ ಅಂತ ಹೆಸರಿಟ್ಟುಕೊಂಡು ಅದನ್ನು ಮುಂದುವರಿಸಿದರು. ಬೇಕರ್ ಹಿಂದೆ ನುಡಿಸುತ್ತಿರುವುದು ಆ ಬಳಗ. ಬೆಂಗಳೂರು, ಮೈಸೂರಿನಿಂದ ಇಲ್ಲಿಗೆ ಬಂದ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಹೇಳಿದಾಗಲೆಲ್ಲ ಖುಷಿಪಡುತ್ತಾರೆ.

ಆ ಕವಿಯ ಐದು ಹಾಡುಗಳಲ್ಲಿ ಒಂದು, ಲೋಕಕ್ಕೂ ನನಗೂ ಇನ್ನು ಲೆಕ್ಕ ಮುಗಿಯಿತು ಅನ್ನುವ ಅರ್ಥದ ಹಾಡು. ಶುರುವಿನಲ್ಲಿ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯ ಎರಡು ಸ್ವರ ಹಿಡಿದು ತಡವರಿಸುತ್ತದೆ, ಆಮೇಲೆ ಮೂರನೆಯದನ್ನು ಹುಡುಕಿಕೊಳ್ಳುತ್ತದೆ. ಬೇಕರ್ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಹಾಡು ಮುಂದೆ ಹೋಗುತ್ತಾ ದನಿ ಸಣ್ಣದಾಗುತ್ತದೆ, ಆದರೆ ತೆಳುವಾಗೋದಿಲ್ಲ. ಕ್ವಾಯರಿನಲ್ಲಿ ನಮಗೆ ದಿನಾ ಹೇಳುವುದು ಇದನ್ನೇ: ಮೆಲ್ಲಗೆ ಹಾಡುವಾಗ ಹೊಟ್ಟೆಯ ಹಿಡಿತ ಜಾಸ್ತಿ ಬೇಕು, ಕಡಿಮೆ ಅಲ್ಲ. ಹೇಳುವುದು ಸುಲಭ. ಎರಡನೆಯ ಸಾಲಿಗೇ ನಮ್ಮ ಉಸಿರು ಖಾಲಿ.

ಕ್ವಾಯರಿನವರಿಗೆ ಮಾತ್ರ ಕಾಣುವ ಇನ್ನೊಂದು ವಿಷಯ ಇದೆ. ನಾವು ಒಂಟಿಗಾಯಕರನ್ನು ನೋಡುವುದು ಹಿಂದಿನಿಂದ. ಸಭಿಕರಿಗೆ ಮುಖ ಕಂಡರೆ ನಮಗೆ ಬೆನ್ನು. ಉಸಿರು ಎಳೆದಾಗ ಸೊಂಟದ ಮೇಲಿನ ಬಟ್ಟೆ ಹೇಗೆ ಅಗಲವಾಗುತ್ತದೆ, ಕಷ್ಟದ ಜಾಗಕ್ಕೆ ಮೊದಲು ಭುಜ ಎತ್ತುತ್ತಾರೋ ಇಲ್ಲವೋ, ಎಲ್ಲ ಕಾಣುತ್ತದೆ. ಎಲ್ಗಾರನ ‘ಡ್ರೀಮ್ ಆಫ್ ಜೆರೋಂಟಿಯಸ್’ ಹಾಡಿದಾಗ ಮೆಝೊ ಗಾಯಕಿಯ ಹಿಂದೆಯೇ ನನ್ನ ಜಾಗ. ಮೊದಲ ಭಾಗ ಪೂರ್ತಿ ಆಕೆಗೆ ಒಂದು ಸ್ವರವೂ ಇಲ್ಲ. ಆಮೇಲೆ ಎದ್ದು ನಿಂತು, ಸತ್ತವನ ಆತ್ಮವನ್ನು ಎದುರುಗೊಳ್ಳುವ ದೇವದೂತೆಯಾಗಬೇಕು. ಕೊನೆಗೆ ಆ ಆತ್ಮವನ್ನು ಮೆಲ್ಲಗೆ ನೀರಿಗೆ ಇಳಿಸುವಂತೆ ಬೀಳ್ಕೊಡಬೇಕು. ಕೆಳಗೆ ನಾವು ಕ್ವಾಯರಿನವರು ಪಿಸುದನಿಯಲ್ಲಿ ಪ್ರಾರ್ಥನೆ ಹಾಡುತ್ತಿರುತ್ತೇವೆ. ಮಾಲರ್‌ನ ಎರಡನೆಯ ಸಿಂಫನಿಯಲ್ಲಂತೂ ಮೆಝೊ ಮುಕ್ಕಾಲು ಗಂಟೆ ಸುಮ್ಮನೆ ಕೂತಿರಬೇಕು. ಹಿಂದಿನ ಭಾಗ ಮುಗಿದ ಕೂಡಲೇ, ಪೀಠಿಕೆಯೇ ಇಲ್ಲದೆ, ತಣ್ಣಗಿರುವ ಗಂಟಲಿನಿಂದ ಮೆಲುದನಿಯಲ್ಲಿ ಶುರು ಮಾಡಬೇಕು. ಕಚೇರಿಯ ಮೆಝೊಗೆ ಇದೇ ದೊಡ್ಡ ಪರೀಕ್ಷೆ. 1973ರಲ್ಲಿ ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೀನ್ ಈಲಿ ಕೆಥೀಡ್ರಲಿನಲ್ಲಿ ಇದನ್ನು ಮಾಡಿಸಿದಾಗ ಬೇಕರ್ ಹಾಡಿದ್ದರು. ಆ ಚಿತ್ರೀಕರಣ ನೋಡಿ. ಬಾಯಿ ತೆರೆಯುವ ಮೊದಲೇ ಅವರ ಮುಖ ಹಾಡಿನೊಳಗೆ ಹೋಗಿರುತ್ತದೆ. ಬಾರ್ಬಿರೋಲಿಯವರ ಜೆರೋಂಟಿಯಸ್ ರೆಕಾರ್ಡಿಂಗಿನಲ್ಲೂ ದೇವದೂತೆ ಇವರೇ, 1964ರ ಕೊನೆಯಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾಡಿದ್ದು.

ವೇದಿಕೆಯ ಬದುಕು ಹೇಗಿತ್ತು ಅಂತ ಬೇಗ ಹೇಳಿಬಿಡುತ್ತೇನೆ. 1966ರಲ್ಲಿ ಕವೆಂಟ್ ಗಾರ್ಡನ್‌ಗೆ ರಚನೆಕಾರ ಬೆಂಜಮಿನ್ ಬ್ರಿಟನ್‌ನ ಒಪೆರಾದ ಹರ್ಮಿಯಾ ಆಗಿ ಬಂದರು. ಗ್ಲೈಂಡ್‌ಬೋರ್ನ್‌ನಲ್ಲಿ ಡಿಡೊ, ಕವಾಲ್ಲಿಯ ದೇವತೆ ಡಯಾನಾ, ಮೊಂಟೆವರ್ಡಿಯ ಪೆನೆಲೊಪಿ. ಸ್ಕಾಟಿಷ್ ಒಪೆರಾದಲ್ಲಿ ಮೊಝಾರ್ಟ್, ಸ್ಟ್ರಾಸ್, ಬೆರ್ಲಿಯೋಜ್. ಬೆರ್ಲಿಯೋಜ್‌ನ ಒಪೆರಾದಲ್ಲೂ ಡಿಡೊ ಇದ್ದಾಳೆ, ಇವಳು ದೊಡ್ಡ ಆರ್ಕೆಸ್ಟ್ರಾದ, ಐದು ಅಂಕದ ಡಿಡೊ. 1969ರಲ್ಲಿ ಕವೆಂಟ್ ಗಾರ್ಡನ್‌ನಲ್ಲಿ ಈ ಪಾತ್ರ ಮಾಡಬೇಕಿದ್ದ ಜೋಸೆಫೀನ್ ವೀಸಿಗೆ ಹುಷಾರಿಲ್ಲದಾಯಿತು. ಬೇಕರ್ ಅದನ್ನು ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷಿನಲ್ಲಿ ಹಾಡಿದ್ದರು. ಅವರನ್ನೇ ಕರೆಸಿದರು. ಸುತ್ತ ಎಲ್ಲರೂ ಫ್ರೆಂಚಿನಲ್ಲಿ ಹಾಡುತ್ತಿದ್ದರೆ ರಾಣಿ ಒಬ್ಬಳೇ ಇಂಗ್ಲಿಷಿನಲ್ಲಿ! ಕೇಳಿದವರಿಗೆ ಅದು ಅಡ್ಡಿಯಾಗಲಿಲ್ಲ.

ಬೆಂಜಮಿನ್ ಬ್ರಿಟನ್ ಇವರಿಗಾಗಿಯೇ ಬರೆದ ಫೆಡ್ರಾ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಹೃದಯದ ಆಪರೇಷನ್ ಆಗಿ ಬ್ರಿಟನ್ ತುಂಬಾ ಸೊರಗಿದ್ದರು. 1975ರಲ್ಲಿ ಆಲ್ಡಬರಾ ಉತ್ಸವದಲ್ಲಿ ಬೇಕರ್ ಬೆರ್ಲಿಯೋಜ್‌ನ ಬೇಸಿಗೆ ರಾತ್ರಿಯ ಹಾಡುಗಳನ್ನು ಹಾಡಿದ್ದನ್ನು ಕೇಳಿ ಈ ಕೃತಿಗೆ ಕೈಹಾಕಿದರು. ಮಲಮಗನ ಮೇಲೆ ಮನಸ್ಸಿಟ್ಟು, ಬೆಂದು, ವಿಷ ಕುಡಿದು ಸಾಯುವ ರಾಣಿಯ ಕಥೆ. ಒಬ್ಬಳೇ ಗಾಯಕಿ, ತಂತಿವಾದ್ಯ, ತಾಳವಾದ್ಯ, ಹಾರ್ಪ್ಸಿಕಾರ್ಡ್ ಎಂಬ ಪಿಯಾನೊದಂಥ ಹಳೇ ವಾದ್ಯ. ಕಾಲು ಗಂಟೆಯಲ್ಲಿ ಒಂದು ಇಡೀ ಒಪೆರಾ. 1976ರ ಜೂನಿನಲ್ಲಿ ಮೊದಲ ಪ್ರದರ್ಶನ. ಅದೇ ಡಿಸೆಂಬರಿನಲ್ಲಿ ಬ್ರಿಟನ್ ತೀರಿಕೊಂಡರು. ಸಾಯುತ್ತಿರುವ ಒಬ್ಬ ಸಂಗೀತಗಾರ ತನ್ನ ಕೊನೆಯ ಶಕ್ತಿಯನ್ನು ಒಬ್ಬ ಗಾಯಕಿಯ ದನಿಗೆ ಅಂತ ಕೊಟ್ಟ. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ? ಡೇಮ್ ಪದವಿ (ಗಂಡಸರಿಗೆ ಕೊಡುವ ‘ಸರ್’ ಇದ್ದಂತೆ) ಬಂದದ್ದೂ ಅದೇ 1976ರಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಡೊಮಿನಿಕ್ ಅರ್ಜೆಂಟೊ ವರ್ಜೀನಿಯಾ ವುಲ್ಫ್‌ಳ ದಿನಚರಿಯಿಂದ ಆಯ್ದು ಕಟ್ಟಿದ ಹಾಡುಗಳನ್ನು ಇವರೇ ಮೊದಲು ಹಾಡಿದ್ದರು. ಆ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಅವರು ಹಾಡದೇ ಬಿಟ್ಟದ್ದೂ ನನಗೆ ಅಷ್ಟೇ ಮುಖ್ಯ. ಮೆಝೊ ಅಂದ ತಕ್ಷಣ ಜನ ಕೇಳುವುದು ಕಾರ್ಮೆನ್. ಆಮೇಲೆ ವರ್ಡಿಯ ಆಮ್ನೆರಿಸ್, ಆಝುಚೆನಾ. ಪ್ರಪಂಚದ ದೊಡ್ಡ ಒಪೆರಾ ಮನೆಗಳಲ್ಲಿ ದುಡ್ಡು, ಹೆಸರು ತರುವ ಪಾತ್ರಗಳು ಇವೇ. ಬೇಕರ್ ಅವುಗಳ ಹಿಂದೆ ಹೋಗಲಿಲ್ಲ. ಒಪೆರಾ ಅಂತ ಬಂದರೆ ಹೆಚ್ಚೂಕಮ್ಮಿ ಬ್ರಿಟನ್ ದೇಶದಲ್ಲೇ ಉಳಿದರು. ಹೊರದೇಶಗಳಿಗೆ ಹೋದದ್ದು ಕಚೇರಿಗಳಿಗೆ, ಹಾಡುಗಳಿಗೆ. ಕೆಲವರು ಇದನ್ನು ಅಂಜಿಕೆ ಅಂದಿದ್ದಾರೆ. ನಾನು ಒಪ್ಪೋದಿಲ್ಲ. ಯಾವುದು ತನ್ನದು ಅಂತ ತಿಳಿದು, ತನ್ನದಲ್ಲದ್ದಕ್ಕೆ ಬೇಡ ಅನ್ನಲು ಗಟ್ಟಿ ಗುಂಡಿಗೆ ಬೇಕು. ತನ್ನದು ಅಂತ ಆರಿಸಿಕೊಂಡದ್ದಕ್ಕೆ ಅವರು ಏನನ್ನೂ ಉಳಿಸಿಕೊಳ್ಳದೆ ಕೊಟ್ಟರು. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಹೊರಗಿನ ಓಡಾಟ ಕಡಿಮೆ. ಬದುಕು ಪೂರ್ತಿ ಹಾಡಿನ ಸುತ್ತ.

ಬಿಟ್ಟದ್ದೂ ಹಾಗೆಯೇ. ದನಿ ಇನ್ನೂ ಚೆನ್ನಾಗಿರುವಾಗಲೇ, 49 ತುಂಬುವ ಮೊದಲು, ಒಪೆರಾ ಸಾಕು ಅಂತ ತೀರ್ಮಾನಿಸಿದರು. ತಮಗೆ ಬೇಕಾದ ಮೂರು ಪಾತ್ರಗಳನ್ನು ಮೂರು ಒಪೆರಾ ಮನೆಗಳಲ್ಲಿ ಇಟ್ಟುಕೊಂಡರು. ಕವೆಂಟ್ ಗಾರ್ಡನ್‌ನಲ್ಲಿ ಗ್ಲುಕ್‌ನ ಆಲ್ಚೆಸ್ಟೆ. ಇಂಗ್ಲಿಷ್ ನ್ಯಾಷನಲ್ ಒಪೆರಾದಲ್ಲಿ ಡೊನಿಜೆಟ್ಟಿಯ ಮೇರಿ ಸ್ಟುವರ್ಟ್. ಗ್ಲೈಂಡ್‌ಬೋರ್ನ್‌ನಲ್ಲಿ ಗ್ಲುಕ್‌ನ ಆರ್ಫಿಯೊ, ಫೆರಿಯರ್‌ಗೂ ಕೊನೆಯದಾಗಿದ್ದ ಅದೇ ಪಾತ್ರ. 1982ರ ಜುಲೈ 17ರಂದು ಒಪೆರಾ ವೇದಿಕೆ ಇಳಿದರು. ಆ ಕೊನೆಯ ವರ್ಷದ ದಿನಚರಿಯನ್ನು ಪುಸ್ತಕವಾಗಿಯೂ ತಂದರು. ಕಚೇರಿಗಳನ್ನು ಇನ್ನೂ ಕೆಲವು ವರ್ಷ ಹಾಡಿ 1989ರಲ್ಲಿ ಅದನ್ನೂ ನಿಲ್ಲಿಸಿದರು. ಆಮೇಲೆ ವೇದಿಕೆಯಲ್ಲಿ ಹಾಡಲಿಲ್ಲ. 1991ರಿಂದ 2004ರವರೆಗೆ ಯಾರ್ಕ್ ವಿಶ್ವವಿದ್ಯಾಲಯದ ಚಾನ್ಸೆಲರ್ ಆಗಿದ್ದರು. ನಮ್ಮ ಆಲ್ಟೊ ಸಾಲಿನ ಒಬ್ಬ ಅಜ್ಜಿಯ ಮಗಳಿಗೆ ಪದವಿ ಪತ್ರ ಕೊಟ್ಟದ್ದು ಇವರೇ. ಆ ಫೋಟೊ ಆಕೆ ರಿಹರ್ಸಲ್‌ಗೆ ತಂದು ಎಲ್ಲರಿಗೂ ತೋರಿಸಿದ್ದರು.

ಕೇಳಬೇಕು ಅನಿಸಿದವರು ಪರ್ಸೆಲ್‌ನ ಡಿಡೊದಿಂದ ಶುರು ಮಾಡಿ, ಕೊನೆಯ ಹಾಡು ಐದು ನಿಮಿಷ ಅಷ್ಟೇ. ಅದಾದಮೇಲೆ ಬಾರ್ಬಿರೋಲಿ ಜೊತೆಗಿನ ಎಲ್ಗಾರ್. ಮಾಲರ್‌ಗೆ ಆತುರ ಬೇಡ, ಪದ್ಯದ ಅರ್ಥ ಮೊದಲು ಓದಿಕೊಳ್ಳಿ. ಬ್ಯಾಚ್, ಶೂಬರ್ಟ್, ಬ್ರಾಮ್ಸ್ ಎಲ್ಲ ಇವೆ, ಒಂದೊಂದಾಗಿ ಸಿಗುತ್ತವೆ. ಕಣ್ಣಿಂದ ನೋಡಬೇಕು ಅಂದರೆ 1982ರ ಮೇರಿ ಸ್ಟುವರ್ಟ್ ವಿಡಿಯೊ. ಇಂಗ್ಲಿಷಿನಲ್ಲೇ ಇದೆ, ಕಥೆ ಹಿಡಿಯುವುದು ಕಷ್ಟವಲ್ಲ. ಇತಿಹಾಸದಲ್ಲಿ ಮೇರಿ ಮತ್ತು ಎಲಿಜಬೆತ್ ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ, ಒಪೆರಾ ಅವರನ್ನು ಎದುರುಬದುರು ನಿಲ್ಲಿಸುತ್ತದೆ. ಮೊಣಕಾಲೂರಿ ಕೂತ ಮೇರಿ, ಅವಮಾನ ತಡೆಯಲಾರದೆ ಎದ್ದು ಬೈಯುವ ದೃಶ್ಯ ಅದು. ಅಲ್ಲಿಂದಲೇ ಹಾಕಿಕೊಳ್ಳಿ, ಆಮೇಲೆ ಹಿಂದಕ್ಕೆ ಹೋಗಿ ಮೊದಲಿನಿಂದ ನೋಡಬಹುದು.